ನೀವು ಒರೆಸಿದ ಕುಂಕುಮ

ತಿಪಟೂರು
೧೪-೩-೧೯೭೯, ಬುಧವಾರ

ಹರಿಹರದ ಬಾಡಿಗೆ ಕೋಣೆಯಲ್ಲಿ ತಲೆಮರೆಸಿಕೊಂಡಿರುವ ನಮ್ಮ ಯಜಮಾನರಿಗೆ, ಮನೆಯಿಂದ ಸುವರ್ಣ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಶನಿವಾರ ಬಂತು. ಕ್ಷೇಮ ಸಮಾಚಾರ ಒಂದು ಸಾಲು, ನನ್ನನ್ನು ಬೈದದ್ದು ಮೂರು ಪುಟ. ಅಂದಮೇಲೆ ಆರೋಗ್ಯ ಚೆನ್ನಾಗಿಯೇ ಇದೆ ಎಂದುಕೊಂಡೆ. ನೀವು ಕೇಳಿದ ಎರಡು ಅಂಗಿ, ಒಂದು ಪಂಚೆ, ಕೊಬ್ಬರಿ ಚಟ್ನಿಪುಡಿ ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಪುಡಿಗೆ ಖಾರ ಸ್ವಲ್ಪ ಮುಂದಾಗಿದೆ.

ಎಲ್ಲ ಹಾಳಾದದ್ದು ನನ್ನ ಹಾಳು ಮರೆವಿನಿಂದ ಎಂದು ಬರೆದಿದ್ದೀರಿ. ಇರಬಹುದು. ಆದರೆ ನಿಮ್ಮ ಜ್ಞಾಪಕಶಕ್ತಿಯನ್ನು ಮೆಚ್ಚಬೇಕು. ಹದಿನೈದು ವರ್ಷ ಬ್ಯಾಂಕಿನ ಗುಮಾಸ್ತರಾಗಿ, ಯಾರ ಖಾತೆಯಲ್ಲಿ ಎಷ್ಟಿದೆ ಎನ್ನುವುದು ನಿಮಗೆ ಬಾಯಿಪಾಠ. ಯಾವ ಹೆಂಗಸಿಗೆ ಓದಲು ಬರುವುದಿಲ್ಲ, ಯಾರಿಗೆ ಗಂಡನಿಲ್ಲ, ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿಯಾಗಿ ಮಾರಿದ ಮೇಲೆ ವರ್ಷಕ್ಕೊಂದು ಸಲ ಮಾತ್ರ ಯಾರು ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ, ಅದೂ ಗೊತ್ತು. ಹೊನ್ನವಳ್ಳಿಯ ಚಿಕ್ಕಗೌರಮ್ಮ ಪಾಸ್‌ಬುಕ್ಕನ್ನು ನಿಮ್ಮ ಹತ್ತಿರವೇ ಬಿಟ್ಟಿದ್ದಳು. ಮನೆಯಲ್ಲಿಟ್ಟರೆ ಮೈದುನ ಕಿತ್ತುಕೊಳ್ಳುತ್ತಾನೆ ಎಂಬ ಭಯ ಅವಳಿಗೆ. ಅವನ ಮನೆ ಬಿಟ್ಟು ತನ್ನದೇ ಒಂದು ಸೂರು ಕಟ್ಟಿಕೊಳ್ಳಬೇಕೆಂದು ಆರು ವರ್ಷದಿಂದ ಕೂಡಿಟ್ಟ ದುಡ್ಡು ಅದು.

ಆ ದಿನ ಬೆಳಿಗ್ಗೆ ನನ್ನನ್ನು ಬಚ್ಚಲ ಹತ್ತಿರ ಕೂರಿಸಿ, ಕಾಲುಂಗುರಕ್ಕೆ ಸೋಪು ಹಚ್ಚಿ ನೀವೇ ಎಳೆದಿರಿ. ಬಳೆ ಬಿಚ್ಚಿಸಿದಿರಿ. ತಾಳಿಯನ್ನು ರವಿಕೆಯೊಳಗೆ ತಳ್ಳಿಸಿದಿರಿ. ಹಣೆಯ ವಿಭೂತಿ, ಕುಂಕುಮ ಎರಡನ್ನೂ ಒದ್ದೆ ಟವೆಲ್ಲಿನಲ್ಲಿ ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಚೆನ್ನಾಗೇ ಒಪ್ಪುತ್ತೆ ಕಣೇ" ಎಂದು ನಕ್ಕಿರಿ. ನಾನೂ ನಕ್ಕೆ. ಆಮೇಲೆ ಬಾಗಿಲು ಹಾಕಿಕೊಂಡು ಅತ್ತದ್ದು ನಿಮಗೆ ಗೊತ್ತಿಲ್ಲ.

ಪಾಸ್‌ಬುಕ್ಕಿಗೆ ಅಂಟಿಸಿದ್ದ ಫೋಟೋದಲ್ಲಿ ಸೆರಗು ಹೊದ್ದ ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕ್ಯಾಷಿಯರ್ ಹಾಲಸ್ವಾಮಿಯವರು ದಾವಣಗೆರೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ನನ್ನ ಮುಖ ಕಂಡವರಲ್ಲ. "ಈಯಮ್ಮ ನಂಗೆ ಗೊತ್ತು" ಎಂದು ನೀವು ದುಡ್ಡು ತೆಗೆಯುವ ಚೀಟಿಗೆ ಸಾಕ್ಷಿ ಹಾಕಿದಿರಿ. ಎಸ್.ಎಸ್.ಎಲ್.ಸಿ. ಪಾಸಾದ ನಾನು ಚಿಕ್ಕಗೌರಮ್ಮನಾಗಿ ಹೆಬ್ಬೆಟ್ಟು ಒತ್ತಿದೆ. ಆರು ಸಾವಿರ ರೂಪಾಯಿ. ಅದರಲ್ಲಿ ನನಗೆ ಹೊಲಿಗೆ ಮೆಷಿನ್ನು ಬಂತು. ಬೇಡ ಎನ್ನಲಿಲ್ಲ. ಈಗ ಸಾಚಾ ಎಂದು ಹೇಳಿಕೊಂಡರೆ ನನ್ನ ನಾಲಿಗೆಗೆ ಹುಳ ಬೀಳಲಿ.

ಅವಳು ದುಡ್ಡು ಕೇಳಲು ಬಂದ ದಿನ ನೀವು ಎಲ್ಲರೆದುರಿಗೆ, "ನೀನೇ ಬಂದು ತಗೊಂಡೋಗಿದೀಯಲ್ಲಮ್ಮಾ, ತಲೆಗಿಲೆ ಕೆಟ್ಟೈತಾ?" ಎಂದು ಗದರಿದಿರಂತೆ. ಬ್ಯಾಂಕಿಗೆ ಬ್ಯಾಂಕೇ ನಕ್ಕಿತಂತೆ. ದುಡ್ಡು ಯಾವನಿಗೆ ಕೊಟ್ಟೆ ಹೇಳು ಎಂದು ಮೈದುನ ಜುಟ್ಟು ಹಿಡಿದು ಬೀದಿಗೆ ಎಳೆದು ಹಾಕಿದ. ಮಾರನೆಯ ದಿನ ಅವಳು ನಮ್ಮ ಮನೆ ಹುಡುಕಿಕೊಂಡು ಬಂದಳು. ತುಟಿ ಒಡೆದಿತ್ತು.

"ನಾನು ತಗಂಡಿಲ್ಲ ಕಣವ್ವಾ. ಇಲ್ಲಾ ತಗಂಡಿದ್ದು ನಂಗೇ ಮರ್ತೋಗೈತೋ ಏನೋ. ನಿಮ್ ಯಜಮಾನ್ರು ಓದ್ದೋರು, ಸುಳ್ಳೇಳ್ತಾರಾ?" ಎಂದಳು. ಒಂದು ಲೋಟ ಮಜ್ಜಿಗೆ ಕೊಟ್ಟೆ. ಕುಡಿದು, ನನ್ನ ಹೊಲಿಗೆ ಮೆಷಿನ್ನು ಸವರಿ ನೋಡಿ, ಚೆಂದಾಗೈತೆ ಎಂದಳು. ಹೊರಡುವಾಗ ನನ್ನ ಹಣೆ ನೋಡಿ, "ನಿನ್ ಕುಂಕುಮ ತಣ್ಣಗಿರ್ಲಿ ಕಣವ್ವಾ" ಎಂದು ಹರಸಿದಳು. ಈಗ ಅವಳು ಮಂಡಿಯ ಹಿಂದೆ ಕೂಲಿಗೆ ಕಾಯಿ ಸುಲಿಯುತ್ತಾಳೆ. ಅಲ್ಲೇ ಮಲಗುತ್ತಾಳೆ.

ಸಂಜೆ ಇದನ್ನು ನಿಮಗೆ ಹೇಳಿದೆ. ನೀವು ಊಟ ನಿಲ್ಲಿಸಲಿಲ್ಲ. "ಒಳ್ಳೇದಾಯ್ತು ಬುಡು. ಅವಳಿಗೇ ತನ್ ಮೇಲೆ ಅನುಮಾನ ಬಂದೈತೆ ಅಂದ್ರೆ ಇನ್ನು ಯಾರೂ ಕೇಳಲ್ಲ" ಎಂದಿರಿ. ಕೈ ತೊಳೆದು ಬಂದು, ಗಂಡನಿಲ್ಲದ ಇನ್ನೊಬ್ಬಳು, ಅರಳಗುಪ್ಪೆ ರಂಗಮ್ಮನ ಪಾಸ್‌ಬುಕ್ಕು ನನ್ನ ಮುಂದೆ ಇಟ್ಟಿರಿ. ಸೆರಗು ಹೊದ್ದ ಮುಖವನ್ನು ಯಾವ ಕ್ಯಾಷಿಯರೂ ನೆನಪಿಟ್ಟುಕೊಳ್ಳುವುದಿಲ್ಲ ಎಂದು ಧೈರ್ಯ ಹೇಳಿದಿರಿ.

ಎರಡನೆಯ ಸಲವೂ ಒರೆಸಿದ್ದು ನೀವೇ. ಒರೆಸಿ, ಮುಂದಾಗಿ ಬ್ಯಾಂಕಿಗೆ ಹೋದಿರಿ. ಅರ್ಧ ಗಂಟೆ ಬಿಟ್ಟು ಬಂದ ನನ್ನ ಹಣೆಯ ಮೇಲೆ ಮೂರು ಗೆರೆ ವಿಭೂತಿ. ಮುಖ ತೊಳೆದರೆ ವಿಭೂತಿ ಧರಿಸದೆ ಹೊಸಿಲು ದಾಟುವ ಅಭ್ಯಾಸ ನಮ್ಮ ಮನೆತನದಲ್ಲಿ ಯಾರಿಗಿದೆ? ರಂಗಮ್ಮನದೋ ತಿರುಪತಿ ತಿಮ್ಮಪ್ಪನ ಒಕ್ಕಲು, ಅವಳ ಹಣೆಗೆ ಹುಟ್ಟಿದಾಗಿನಿಂದ ವಿಭೂತಿ ತಾಗಿಲ್ಲ. ನೀವು ಕೌಂಟರಿನ ಹಿಂದಿನಿಂದ ಕಣ್ಣು ಕೆಕ್ಕರಿಸಿದಿರಿ. ಅಷ್ಟರಲ್ಲಿ ಸಾಕ್ಷಿ ಹಾಕಿದ ನಿಮ್ಮ ಚೀಟಿ ಮುಂದೆ ಹೋಗಿಯಾಗಿತ್ತು. ಹಾಲಸ್ವಾಮಿಯವರು ನಮ್ಮ ಪೈಕಿ ಯಾರೋ ಎಂದುಕೊಂಡು, ಪಾಪ, ಯಾವ ಮಠದ ಶಿಷ್ಯರಮ್ಮ ಎಂದು ಪ್ರೀತಿಯಿಂದ ವಿಚಾರಿಸಿದರು. ಹನ್ನೆರಡು ದಿನದ ಮೇಲೆ ನಿಜವಾದ ರಂಗಮ್ಮ ಎದುರಿಗೆ ನಿಂತಾಗ ಅವರಿಗೆ ನನ್ನ ಹಣೆ ನೆನಪಾಯಿತು. ಅವರು ಮ್ಯಾನೇಜರ ಕೋಣೆಯತ್ತ ಹೋದದ್ದು ಕಂಡು ನೀವು ಹಿಂಬಾಗಿಲಿನಿಂದ ಹೊರಬಿದ್ದು ರೈಲು ಹತ್ತಿದಿರಿ. ಹೆಂಡತಿಗೆ ಒಂದು ಮಾತು ಹೇಳಿ ಹೋಗಬೇಕೆಂದು ಅನ್ನಿಸಲಿಲ್ಲ.

ಈಗ ಪೊಲೀಸರೆದುರು ಎಲ್ಲ ನಾನೇ ಮಾಡಿದೆ ಎಂದು ಹೇಳು ಅಂತ ಬರೆದಿದ್ದೀರಿ. ಹೆಬ್ಬೆಟ್ಟು ನಿನ್ನದು, ಮುಖ ನಿನ್ನದು, ನಾನೂ ಮೋಸ ಹೋದೆ ಎನ್ನುತ್ತೇನೆ, ಹೆಂಗಸರಿಗೆ ಜೈಲು ಅಂಥ ಕಷ್ಟವೇನಲ್ಲ ಎಂದಿದ್ದೀರಿ. ಆಗಲಿ. ಹೆಬ್ಬೆಟ್ಟು ನನ್ನದೇ, ಒಪ್ಪಿಕೊಳ್ಳುತ್ತೇನೆ. ನೀವು ಹೊಟ್ಟೆ ತುಂಬ ಊಟ ಮಾಡಿ.

ಇದುವರೆಗೆ ನಿಮ್ಮ ಮಾತು ಮೀರದ,
ಸುವರ್ಣ

ತಾ.ಕ.: ಒಂದು ವಿಷಯ ಬಿಟ್ಟುಹೋಯಿತು. ನನಗೆ ಯಾವ ಮರೆವೂ ಇಲ್ಲ. ಆ ದಿನ ನೀವು ಮುಂದಾಗಿ ಹೋದ ಮೇಲೆ, ಚಿಕ್ಕಗೌರಮ್ಮ ಸವರಿದ ಮೆಷಿನ್ನಿನ ಪಕ್ಕದಲ್ಲಿ ನಿಂತು, ಕನ್ನಡಿ ನೋಡಿಕೊಂಡು, ನಿಧಾನವಾಗಿ ಮೂರು ಬೆರಳಿನಲ್ಲಿ ವಿಭೂತಿ ಎಳೆದುಕೊಂಡೆ. ಠಾಣೆಯಲ್ಲಿ ಹೇಳಿಕೆ ಬರೆಸಿ ಈ ಸಲ ಸಹಿ ಹಾಕಿದೆ, ನಿಮ್ಮ ಮೂರು ಪುಟವನ್ನೂ ಕೊಟ್ಟೆ. ನಾಳೆ ನನ್ನನ್ನೂ ಕರೆದೊಯ್ಯುತ್ತಾರೆ. ಈ ಗಂಟಿನ ಮೇಲೆ ಅಂಚೆ ಚೀಟಿ ಇಲ್ಲದ್ದನ್ನು ನೀವು ಗಮನಿಸಿರಬೇಕು. ತಂದುಕೊಟ್ಟವರು ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ, ಓದಿ ಮುಗಿಸುವ ತನಕ ಕಾಯಿರಿ ಎಂದು ನಾನೇ ಕೇಳಿಕೊಂಡಿದ್ದೇನೆ. ಒಗೆದ ಅಂಗಿ ಹಾಕಿಕೊಂಡು ಹೊರಡಿ.