ಬಷೀರಾಳ ಕೊನೆಯ ಪುಟ

ವಾಡಿ
14 ಜುಲೈ 2024

ನನ್ನ ದೇವಿಕಾ,

ಸಲಾಂ. ಚಿಂಚೋಳಿಯಲ್ಲಿ ಮಳೆ ಹೇಗಿದೆ? ನಿಮ್ಮ ಅತ್ತೆಯವರ ಕಣ್ಣಿನ ಪಟ್ಟಿ ಬಿಚ್ಚಿದರೇ? ನೀನು ಎಷ್ಟು ಫೋನ್ ಮಾಡಿದರೂ ನಾನು ಎತ್ತಲಿಲ್ಲ, ತಪ್ಪು ತಿಳಿಯಬೇಡ. ನಿನ್ನ ದನಿ ಕೇಳಿದರೆ ಮೆತ್ತಗಾಗಿಬಿಡುತ್ತೇನೆ. ಈ ಸಲ ಮೆತ್ತಗಾಗುವ ಮನಸ್ಸಿರಲಿಲ್ಲ.

ನಮ್ಮ ಚಿತ್ರಕಾದಂಬರಿಯನ್ನು ಪ್ರಕಾಶಕರಿಂದ ವಾಪಸು ತಂದಿದ್ದೇನೆ. ಮಾತು ನಿನ್ನವು, ಚಿತ್ರ ನನ್ನವು. ಆದರೂ ನಿನ್ನನ್ನು ಕೇಳದೆ ತಂದೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಮೊನ್ನೆ ಸೇಡಂನಲ್ಲಿ ಪ್ರಕಾಶಕ ರಮೇಶಕುಮಾರರ ಕಚೇರಿಗೆ ಹೋಗಿದ್ದೆ. ಚಹಾ ತರಿಸಿ, ಚಿತ್ರಗಳನ್ನು ಬಹಳ ಹೊಗಳಿದರು. ಶಹಾಬಾದದ ಗಣಿಯ ತಳದಲ್ಲಿ ಮಲಗಿದ ಕಲ್ಲಿನ ರಾಕ್ಷಸ, ಅವನು ಕದ್ದೊಯ್ದ ಊರಿನ ಮಕ್ಕಳು, ಅವರನ್ನು ತರಲು ಇಳಿಯುವ ನಮ್ಮ ಬಷೀರಾ, ಎಲ್ಲ ಹಿಡಿಸಿತಂತೆ. ಮನುಷ್ಯರ ಹೆಜ್ಜೆ ಸಪ್ಪಳಕ್ಕೆ ಎಚ್ಚರಾಗುವ ರಾಕ್ಷಸ, ಬಷೀರಾ ಕುಂಟುತ್ತ ಬರುವ ಸಪ್ಪಳವನ್ನು ಕಲ್ಲು ಉರುಳಿದ್ದೆಂದುಕೊಂಡು ಮಗ್ಗಲು ಬದಲಿಸುತ್ತಾನಲ್ಲ, ಆ ಪುಟಕ್ಕೆ ಜೋರಾಗಿ ನಕ್ಕರು ಕೂಡ. ಆಮೇಲೆ ಕೊನೆಯ ಪುಟ ಮುಂದಿಟ್ಟರು. ಅದರ ಚಿತ್ರವನ್ನು ಬೇರೆ ಯಾರಿಂದಲೋ ಹೊಸದಾಗಿ ಬರೆಸಿದ್ದರು. ಅದರಲ್ಲಿ ಬಷೀರಾಳ ಕಾಲು ನೆಟ್ಟಗಾಗಿ, ಅವಳು ಓಡುತ್ತಿದ್ದಳು.

"ಮಕ್ಕಳ ಪುಸ್ತಕ ಖುಷಿಲೇ ಮುಗೀಬೇಕ್ರಿ ಮೇಡಂ."

"ಖುಷಿಲೇನೇ ಮುಗದದಲ್ರಿ. ಮಕ್ಕಳಿಗೆಲ್ಲ ಬಿಡಿಸ್ಕೊಂಡು ಬಂದಾಳ."

"ಇಷ್ಟೆಲ್ಲ ಜಾದೂ ಅದ ಕಥಿಯಾಗ. ಒಂದು ಕಾಲು ನೆಟ್ಟಗ ಮಾಡ್ಲಿಕ್ಕೆ ಏನ್ ತ್ರಾಸ್ರಿ?"

"ಜಾದೂ ರಾಕ್ಷಸನ ಕಡಿ ಅದರಿ. ಆಕಿ ಕಡಿ ಆ ಕಾಲೇ ಅದ."

ಆಗ ನಿನ್ನ ಹೆಸರು ಎತ್ತಿದರು. "ದೇವಿಕಾ ಮೇಡಂ ಫೋನಿನಾಗ ಹ್ಞೂಂ ಅಂದಾರ್ರಿ. ನೀವೇ ಯಾಕ ಹಟ ಹಿಡಿಲಿಕತ್ತೀರಿ?"

ಆ ಮಾತು ನೋಯಿಸಿತು, ಸುಳ್ಳು ಯಾಕೆ ಹೇಳಲಿ. "ಆಕಿ ಅಂದಿರಬೇಕ್ರಿ. ನಾ ಅನ್ನಂಗಿಲ್ಲ" ಎಂದು ಮೇಜಿನ ಮೇಲಿದ್ದ ಪುಟಗಳನ್ನೆಲ್ಲ ಬಾಚಿಕೊಂಡು ಎದ್ದೆ. ಅವರು ಬರೆಸಿದ್ದೂ ಅದರಲ್ಲೇ ಬಂತು. ವಾಡಿ ಗಾಡಿಯಲ್ಲಿ ಕೂತ ಮೇಲೂ ತಿರುಗಿ ಹೋಗಬೇಕೆಂದು ಅನಿಸಲಿಲ್ಲ.

ಶಹಾಬಾದದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಚಂದ್ರಾಮಪ್ಪನವರು ಕಪ್ಪುಬಿಳುಪಿನಲ್ಲಿ ಮಾಡಿಕೊಡಲು ಒಪ್ಪಿದ್ದಾರೆ. ಬಣ್ಣ ಇರುವುದಿಲ್ಲ. ಇರದಿದ್ದರೆ ಬೇಡ. ಕೊನೆಯ ಚಿತ್ರವನ್ನು ಹೊಸದಾಗಿ, ಇನ್ನೂ ದೊಡ್ಡದಾಗಿ ಬರೆದಿದ್ದೇನೆ. ಗಣಿಯ ಮೆಟ್ಟಿಲಲ್ಲಿ ಬಷೀರಾ ಮುಂದೆ, ಊರಿನ ಮಕ್ಕಳು ಹಿಂದೆ. ರಾಕ್ಷಸ ಏಳಬಾರದಲ್ಲ, ಅದಕ್ಕೆ ಅವರೆಲ್ಲ ಅವಳಂತೆಯೇ ಕುಂಟುತ್ತ ಹತ್ತುತ್ತಿದ್ದಾರೆ.

ಆ ಪುಟಕ್ಕೆ ನಿನ್ನ ಮಾತು ಬೇಕು. ಕೊಡುವುದಿಲ್ಲ ಎಂದರೆ ಮಾತಿಲ್ಲದೆಯೇ ಅಚ್ಚಿಗೆ ಕಳಿಸುತ್ತೇನೆ. ಆಗಲೂ ಮುಖಪುಟದಲ್ಲಿ ನಿನ್ನ ಹೆಸರೇ ಮೊದಲು.

ಅತ್ತೆಯವರಿಗೆ ಸಲಾಂ. ನಿನ್ನ ಮಕ್ಕಳಿಗೆ ನನ್ನ ದುವಾ. ಚೆನ್ನಾಗಿ ಓದಲಿ, ಸ್ವಲ್ಪ ಹಟಮಾರಿಗಳೂ ಆಗಲಿ.

ನಿನ್ನ
ಅತೀಯಾ

ತಾ.ಕ.: ಸೇಡಂಗೆ ಹೋಗುವ ಹಿಂದಿನ ದಿನ ನಾನೂ ಇವರೂ ತಸ್ಲೀಮಳನ್ನು ಕಲಬುರಗಿಗೆ ಕರೆದೊಯ್ದಿದ್ದೆವು. ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲವಂತೆ. ನನ್ನ ಮಗಳ ಕಾಲು ಹೀಗೇ ಇರುತ್ತದೆ. ಡಾಕ್ಟರು ಅವಳನ್ನು ಹೊರಗೆ ಕೂರಿಸಿ ನಮಗಷ್ಟೇ ಹೇಳಿದರು. ಅವಳಿಗೆ ಹೇಳಲು ನನಗೆ ಬಾಯಿ ಬಂದಿರಲಿಲ್ಲ. ನಿನ್ನೆ ಪುಟಗಳ ನಡುವೆ ಆ ಓಡುವ ಬಷೀರಾಳನ್ನು ನೋಡಿ, "ಅಮ್ಮೀ, ಕೊನೀಗೆ ನನ್ನ ತೆಗದು ಬ್ಯಾರೆ ಹುಡುಗಿನ್ನ ಯಾಕ ಹಾಕ್ಯಾರ?" ಎಂದಳು. ಪಕ್ಕಕ್ಕೆ ಕೂರಿಸಿಕೊಂಡು ಎಲ್ಲ ಹೇಳಿದೆ.

"ನಂಗೊತ್ತದ," ಎಂದಳು. "ಬರುವಾಗ ಅಬ್ಬಾ ಬಸ್ಸಿನಾಗ ಅಳಲಿಕತ್ತಿದ್ರಲ್ಲ."