ಮುಂದಿನ ಚಕ್ರ ತಿರುಗದ ಜೀಪು

ಮಾಸ್ತಣ್ಣ,

ಬೆಳಗಿನ ಬಸ್ಸಿಗೆ ತೀರ್ಥಹಳ್ಳಿಗೆ ಹೊರಟಿದ್ದೀನಿ. ಸಾರು ಒಲೆ ಮೇಲಿದೆ, ಬಿಸಿ ಮಾಡಿಕೋ. ಕರುವಿಗೆ ನೀರು ಕುಡಿಸೋದು ಮರೀಬೇಡ.

ನಮ್ಮ ಮೊದಲ ಜೀಪು ಶೇಷಪ್ಪಗೌಡರ ಹಳೇ ಜೀಪಾಗಿರಬಾರದು. ಬೇಡ ಅಂತ ಇವತ್ತೇ ಹೋಗಿ ಹೇಳಿ ಬಾ. ನಿನ್ನೆ ಅದನ್ನು ಕೆಸರಿಗಿಳಿಸಿ ನಾನೇ ನೋಡಿದೆ. ನಾಲ್ಕೂ ಚಕ್ರ ತಿರುಗಿಸೋ ಫೋರ್ ವೀಲ್ ಲಿವರ್ ಹಾಕಿದರೂ ಹಿಂದಿನ ಚಕ್ರಗಳು ಮಾತ್ರ ತಿರುಗಿದವು. ಪೆಟ್ರೋಲು ಉಳಿಸೋಕೆ ಮುಂದಿನ ಚಕ್ರಕ್ಕೆ ಹೋಗೋ ಶಾಫ್ಟನ್ನೇ ಬಿಚ್ಚಿಟ್ಟಿದ್ದಾರಂತೆ! "ಗೌಡ್ರು ಕೂತ ಜೀಪು ಕಣೇ, ಅದ್ರಲ್ಲಿ ಕೂರೋದೇ ಮರ್ಯಾದೆ" ಅಂದೆಯಲ್ಲ, ಆ ಮರ್ಯಾದೆ ಕೊಡಚಾದ್ರಿಯ ಏರು ಹತ್ತೋದಿಲ್ಲ.

ತೀರ್ಥಹಳ್ಳಿಯ ಗ್ಯಾರೇಜಿನಲ್ಲಿ ಮಿಲಿಟರಿಯವರು ಮಾರಿದ ಜೀಪೊಂದಿದೆ. ಬಣ್ಣ ಹೋಗಿದೆ, ಮೇಲೆ ಟಾಪಿಲ್ಲ, ಆದರೆ ನಾಲ್ಕೂ ಚಕ್ರ ಎಳೆಯುತ್ತವೆ. ಅದನ್ನೇ ತರ್ತೀನಿ. "ಕೆಲ್ಸ ಇಲ್ದೆ ಗುಡ್ಡ ಸುತ್ತಾಕೆ ಹೆಂಗ್ಸಿಗೆ ಜೀಪು ಎಂತಕ್ಕೆ?" ಅಂತ ಮತ್ತೆ ಕೇಳಬೇಡ. ಕೆಲಸವಿಲ್ಲದೆ ಸುತ್ತೋಕೇ ಬೇಕು. ನಮ್ಮಪ್ಪ ಸೊಪ್ಪಿನ ಹೊರೆ ಇಲ್ಲದೆ ಗುಡ್ಡ ಇಳಿದಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಗೌಡರಿಗೆ ಅಳೆಯೋ ಗೇಣಿ ಹೋಗಿ ಗದ್ದೆ ನಮ್ಮದಾಗಿ ಎಷ್ಟೋ ವರ್ಷವಾಯಿತು. ಆದರೂ ಗೌಡರ ಜೀಪಿನ ಸದ್ದು ಕೇಳಿದರೆ ನೀನು ಈಗಲೂ ಹೆಗಲ ಟವೆಲು ತೆಗೆದು ಚರಂಡಿಗೆ ಇಳಿದು ನಿಲ್ಲುತ್ತೀಯ. ಅದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಸಂಜೆ ಜೀಪಿನ ಸದ್ದು ಕೇಳಿದರೆ ಇಳಿಯಬೇಡ ಅಣ್ಣಾ. ಟವೆಲು ಹೆಗಲ ಮೇಲೇ ಇರಲಿ. ರಸ್ತೆಯಲ್ಲೇ ನಿಂತಿರು, ನಾನೇ ನಿಲ್ಲಿಸಿ ಹತ್ತಿಸಿಕೊಳ್ತೀನಿ.

ದುಗ್ಗಮ್ಮ