ಧೂಳಿನ ಮೆಷಿನ್ನೂ ನಿನ್ನ ಹೆಂಡತಿಯೂ

ಮಾರ್ಚ್ ೯, ಭಾನುವಾರ

ನನ್ನ ಗುಂಡನಿಗೆ,

ಹೇಗಿದ್ದೀಯ? ನಿನ್ನ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬಲಗೈ ಮಣಿಕಟ್ಟಿನ ನೋವು ಕಡಿಮೆಯಾಗಿದೆ, ಪೆನ್ನು ಹಿಡಿಯಬಲ್ಲೆ. ತಡವಾದದ್ದು ಕೈನೋವಿನಿಂದಲ್ಲ, ಹೊಟ್ಟೆಕಿಚ್ಚಿನಿಂದ. ಮುಚ್ಚಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ, ನಿನಗೇ ಗೊತ್ತು.

ನನ್ನ ಮರಗೆಲಸದ ಸಾಮಾನನ್ನೆಲ್ಲ ಹಿಂದಿನ ಕೋಣೆಯಿಂದ ಕಾರ್ ಶೆಡ್ಡಿಗೆ ಸಾಗಿಸಿದ್ದು ಬರೆದಿದ್ದೆನಲ್ಲ. ಧೂಳು ಹೀರುವ ಮೆಷಿನ್ ಬಾಗಿಲಲ್ಲಿ ಹಿಡಿಯದೆ ಅದನ್ನು ಪೂರ್ತಿ ಬಿಚ್ಚಬೇಕಾಯಿತು. ಅದು ಓಡದೆ ಗರಗಸ ಮುಟ್ಟಕೂಡದು ಎಂದು ಡಾಕ್ಟರು ನನ್ನ ಕೆಮ್ಮು ನೋಡಿ ಖಡಾಖಂಡಿತವಾಗಿ ಹೇಳಿದ್ದಾರೆ. ನೀನು ಸೇತುವೆ ಕೆಲಸ ಬಿಟ್ಟು ಬರಲಾಗದೆ ಹೆಂಡತಿಯನ್ನು ಕಳಿಸಿದೆ. ಒಳ್ಳೆಯದೇ ಮಾಡಿದೆ ಬಿಡು. ಆದರೆ ನಾನು ಬಾ ಎಂದಿದ್ದು ನಿನ್ನನ್ನು.

ಅವಳು ಬರುವುದರೊಳಗೆ ಮೆಷಿನ್ ಜೋಡಿಸಿ ಮುಗಿಸಿಬಿಡಬೇಕೆಂದು ಹಟ ಹಿಡಿದು ನಾನೇ ಕೂತೆ. ಸ್ಟ್ಯಾಂಡಿನ ಮೇಲೆ ಮೋಟಾರು, ಮೋಟಾರಿಗೆ ಫ್ಯಾನಿನ ಗೂಡು, ಮೇಲೆ ಬಟ್ಟೆಯ ಚೀಲ, ಕೆಳಗೆ ಪ್ಲಾಸ್ಟಿಕ್ ಚೀಲ. ಎಲ್ಲ ಬೋಲ್ಟನ್ನೂ ಎಡಗೈಯಲ್ಲೇ ತಿರುಗಿಸಿದೆ. ಅವಳು ಬಂದು ಬ್ಯಾಗು ಇಳಿಸುವ ಮೊದಲೇ ಸ್ವಿಚ್ ಹಾಕಿ ತೋರಿಸಿದೆ. ಹಾಳಾದ್ದು ಬುಸ್ ಎಂದು ಹಳೆಯ ಧೂಳನ್ನೆಲ್ಲ ನನ್ನ ಮುಖಕ್ಕೇ ಉಗಿಯಿತು. ಅವಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿ, ಜಗಳವಾದರೂ ಆಡಬಹುದಿತ್ತು.

"ಅತ್ತೆ, ಒಂದ್ನಿಮಿಷ" ಎಂದು ಅಂಗೈ ಒದ್ದೆ ಮಾಡಿಕೊಂಡು ಜಾಯಿಂಟಿನ ಸುತ್ತ ಆಡಿಸಿದಳು. "ಇಲ್ಲಿ ಗಾಳಿ ಬರ್ತಿದೆ ನೋಡಿ. ಫೋಮ್ ಪಟ್ಟಿ ಹಾಕಿಲ್ವಾ?"

ಒದ್ದೆ ಅಂಗೈ! ಅದು ನಾನು ನಿನಗೆ ಕಲಿಸಿದ್ದು ಕಣೋ. ಪಟ್ಟಿಯನ್ನು ಎಲ್ಲಿಟ್ಟೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಅವಳು ನೆಟ್ಟಗೆ ಹೋಗಿ ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದಳು. "ಕಳೀಬಾರದ್ದನ್ನೆಲ್ಲ ನೀವು ಇದರಲ್ಲೇ ಇಡೋದಂತೆ. ಇವರು ಹೇಳ್ತಿರ್ತಾರೆ."

ಇವರು ಹೇಳ್ತಿರ್ತಾರಂತೆ! ನನ್ನ ಡಬ್ಬಿಯ ಸುದ್ದಿ ಅವಳ ಮುಂದೆ ನಿನಗೇಕೆ ಬೇಕಿತ್ತು?

ಬಿಚ್ಚಿ ಮತ್ತೆ ಜೋಡಿಸಿದಳು. ನಾನು ಟಾರ್ಚ್ ಹಿಡಿದು ನಿಂತೆ. ಚಿಕ್ಕವನಿದ್ದಾಗ ನೀನು ನಿಲ್ಲುತ್ತಿದ್ದ ಜಾಗ ಅದು. ಅವಳ ಕೆಲಸ ಅಚ್ಚುಕಟ್ಟು, ಸುಳ್ಳು ಹೇಳಲಾರೆ, ನನಗಿರುವ ಸಂಕಟವೇ ಅದು. ಒಂದು ಬೋಲ್ಟಾದರೂ ಓರೆಯಾಗಿ ಕೂರಲಿ ಎಂದು ಕಾದೆ. ಎಲ್ಲವೂ ನೆಟ್ಟಗೇ ಕೂತವು.

ಮೆಷಿನ್ ಓಡುವಾಗ ಮಾತು ಕೇಳಿಸದೆಂದು ನಾವು ಪೈಪಿನ ಮೇಲೆ ತಟ್ಟುತ್ತಿದ್ದೆವಲ್ಲ, ಒಂದು ತಟ್ಟಿದರೆ ನಿಲ್ಲಿಸು, ಎರಡಾದರೆ ಶುರು ಮಾಡು ಅಂತ. ಅವಳು ಆ ತುದಿಯಿಂದ ಎರಡು ತಟ್ಟಿದಳು. ನನ್ನ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಚೀಲ ಉಬ್ಬಿತು, ಒಂದು ಚೂರೂ ಧೂಳು ಹೊರಗೆ ಬರಲಿಲ್ಲ. "ನೋಡಿದ್ರಾ ಅತ್ತೆ!" ಎಂದು ಕುಣಿದಾಡಿದಳು. ನಾನು ಮೂಗು ಒರೆಸಿಕೊಂಡು ಒಳಗೆ ಬಂದೆ.

ನಾಡಿದ್ದು ಹೊರಡುತ್ತಾಳೆ. ನಿನಗೊಂದು ಸ್ಟೂಲು ಮಾಡಿ ಕಳಿಸುತ್ತೇನೆ. ಒಂದೇ ಸ್ಟೂಲು. ಅವಳು ಬೇಕಾದರೆ ನಿಂತಿರಲಿ. ತಮಾಷೆಗೆ ಅಂದೆ, ಅವಳಿಗೆ ಓದಿ ಹೇಳಬೇಡ. ಹೊತ್ತು ಹೊತ್ತಿಗೆ ಉಣ್ಣು, ಎತ್ತರದಲ್ಲಿ ಕೆಲಸ ಮಾಡುವಾಗ ಜೋಪಾನ. ಇಬ್ಬರೂ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: ಇದನ್ನು ಮರೆತಿದ್ದೆ ಎನ್ನಲಾರೆ, ಬರೆಯಲು ಮನಸ್ಸು ಬರಲಿಲ್ಲ. ನಿಮ್ಮಪ್ಪ ಹೋದ ಮೇಲೆ ನೀನು ಮಾತೇ ಬಿಟ್ಟಿದ್ದಾಗ ನಾವು ಗೋಡೆಯ ಆಚೆ ಈಚೆ ಮಲಗಿ ಮೂರು ಸಲ ತಟ್ಟುತ್ತಿದ್ದೆವು, 'ಇದ್ದೀನಿ' ಅಂತ. ಅದು ಕೆಲಸಕ್ಕೆ ಸೇರಿದ್ದಲ್ಲ, ನಮ್ಮಿಬ್ಬರದು. ನಿನ್ನೆ ಮಧ್ಯಾಹ್ನ ಮಲಗಿದ್ದಾಗ ನನಗೆ ಕೆಮ್ಮು ಹತ್ತಿತು. ಪಕ್ಕದ ಕೋಣೆಯಿಂದ ಮೂರು ಸಲ ತಟ್ಟಿದ್ದು ಕೇಳಿಸಿತು. ಅದನ್ನೂ ಕೊಟ್ಟುಬಿಟ್ಟೆಯಲ್ಲೋ ಗುಂಡ. ಅವಳು ಮತ್ತೆ ತಟ್ಟಿದಳು, ಮತ್ತೆ ತಟ್ಟಿದಳು, ನಾನು ಉತ್ತರ ಕೊಡುವವರೆಗೂ ನೀನು ತಟ್ಟುತ್ತಿದ್ದೆಯಲ್ಲ, ಥೇಟ್ ಹಾಗೇ. ಗೋಡೆಯವರೆಗೆ ಕೈ ಒಯ್ದೆ. ತಟ್ಟಲಿಲ್ಲ. ನನ್ನ ಹತ್ತಿರ ನಿನಗೆಂದು ಉಳಿದಿರುವುದು ಆ ಉತ್ತರವೊಂದೇ, ಬೇರೆಯವರಿಗೆ ಕೊಡಲು ಕೈ ಬರಲಿಲ್ಲ.